ಎದುರುಮನೆಯ ಅಜ್ಜಿಯನ್ನು ಹೊಲಕ್ಕೆ ಕರೆದದ್ದು

ಎಳ್ಳಮಾವಾಸ್ಯೆಗೆ ಇನ್ನೂ ಹನ್ನೆರಡು ದಿನ ಇದ್ದಾಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಮೊಳಕೈವರೆಗೆ ಪ್ಲಾಸ್ಟರ್ ಹಾಕಿ, ಬಿಳಿ ಬಟ್ಟೆಯಿಂದ ಕೈಯನ್ನು ಕೊರಳಿಗೆ ತೂಗುಹಾಕಿ ಕಳಿಸಿದರು. ಎಂಬತ್ತರ ದಶಕದ ನಡುವಿನ ಮಾತು. ನನಗೆ ಆಗ ಹನ್ನೊಂದು ವರ್ಷ, ತಮ್ಮನಿಗೆ ಎಂಟು.

ನಾವು ಕಲಬುರಗಿಯಲ್ಲಿ ಸೇಡಂ ರಸ್ತೆಯ ಒಳಗಿನ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಹೊಲ ಇದ್ದದ್ದು ಕಮಲಾಪುರದಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ದೊಡ್ಡಪ್ಪ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆ ಹೊತ್ತು ನಿಂತ ಭೂಮಿಗೆ ಮೊದಲು ಉಣ್ಣಿಸಿ, ಆಮೇಲೆ ನಂಟರು, ನೆರೆಯವರು, ಗೆಳೆಯರು ಎಲ್ಲ ಸಾಲಾಗಿ ಕೂತು ಉಣ್ಣುವುದು. ಹೊಲ ಇದ್ದವರು ಇಲ್ಲದವರನ್ನು ಕರೆಯಬೇಕು, ಅದು ರೂಢಿ. ಅಡುಗೆಯಲ್ಲಿ ಅರ್ಧ ದೊಡ್ಡವ್ವನದು, ಅರ್ಧ ಅವ್ವನದು. ಆದರೆ ಕಲಬುರಗಿಯಿಂದ ಬರುವವರನ್ನು ಕರೆಯುವುದು, ಹೊಲದಲ್ಲಿ ಅವರಿಗೆ ಬಡಿಸುವುದು ಪೂರ್ತಿ ಅವ್ವನ ಕೆಲಸವಾಗಿತ್ತು.

ಅದುವರೆಗೆ ಹಬ್ಬದ ತಯಾರಿ ಎಂದರೆ ನಮಗೆ ಓಡಾಡಿಕೊಂಡಿರುವುದು, ಬೈಸಿಕೊಳ್ಳುವುದು ಅಷ್ಟೇ. 'ನಡುವ ಬರಬ್ಯಾಡ್ರಿ, ಹೊರಗ ಹೋಗಿ ಆಡ್ರಿ' ಎಂದು ಅಟ್ಟುತ್ತಿದ್ದಳು. ಆ ಸಲ ನಮ್ಮಿಬ್ಬರನ್ನೂ ಕರೆದು ಎದುರಿಗೆ ಕೂಡಿಸಿಕೊಂಡಳು.

"ಅಡುಗಿ ಚಿಂತಿ ಇಲ್ಲ. ನಿಮ್ಮ ದೊಡ್ಡವ್ವ ಎರಡ ದಿನ ಮೊದಲ ಬರ್ತಾಳ, ಓಣ್ಯಾಗಿನವ್ರು ರೊಟ್ಟಿ ಬಡದು ಕೊಡ್ತಾರ. ಆದ್ರ ಕರಿಯೋದು, ಬಡಸೋದು ಯಾರು ಮಾಡಬೇಕು? ಈ ಕೈ ಕಟಗೊಂಡು ನಾ ಮನಿ ಮನಿ ತಿರಗಾಕ ಆಗೋದಿಲ್ಲ. ಈ ವರ್ಷ ಹಬ್ಬಾ ಮಾಡವ್ರು ನೀವು."

ತಮ್ಮ ತಟ್ಟನೆ ಕೇಳಿದ, "ನಮಗ ಯಾರು ಬೈತಾರ?"

"ಬಂದವ್ರು ಬೈತಾರ, ಸರಿ ಬಡಸಲಿಲ್ಲಂದ್ರ," ಎಂದಳು ಅವ್ವ.

ಮರುದಿನದಿಂದ ನಮಗೆ ಪಾಠ ಶುರುವಾಯಿತು. ಸಂಜೆ ಅವ್ವ ಬಾಗಿಲ ಹೊರಗೆ ನಿಂತು ತಾನೇ ಬೀಗತಿಯಂತೆ ಸೆರಗು ಹೊದ್ದು ಬರುವಳು. ತಮ್ಮ ತಂಬಿಗೆ ಹಿಡಿದು ಕಾಲಿಗೆ ನೀರು ಕೊಡಬೇಕು, ಒಳಗೆ ಬಂದ ಮೇಲೆ ಕುಡಿಯುವ ನೀರು ಕೊಡಬೇಕು. ಹಬ್ಬದ ದಿನ ಯಾರೇ ಬಂದರೂ ಮೊದಲು ನೀರು, ಆಮೇಲೆ ಮಾತು. ಇದು ಅವನ ಪಾಲಿನ ಕೆಲಸ. ಮೊದಲ ದಿನ ಅವನು ಲೋಟವನ್ನು ಕಂಠಮಟ ತುಂಬಿ ತಂದು ಅರ್ಧ ನೀರನ್ನು ಅವ್ವನ ಪ್ಲಾಸ್ಟರಿನ ಮೇಲೇ ಚೆಲ್ಲಿದ. ನನ್ನ ಪಾಲಿಗೆ ಬಡಿಸುವುದು. ಖಾಲಿ ಬುಟ್ಟಿ ಹಿಡಿದು, ಇಲ್ಲದ ರೊಟ್ಟಿಯನ್ನು ಅವ್ವನ ಇಲ್ಲದ ತಾಟಿಗೆ ಹಾಕಲು ಹೋದೆ.

"ಸಾಕವ್ವ, ಹೊಟ್ಟಿ ತುಂಬೇದ," ಎಂದಳು ಅವ್ವ, ಬೀಗತಿಯ ದನಿಯಲ್ಲಿ.

"ಆಯ್ತು ಬಿಡ್ರಿ," ಎಂದು ಮುಂದೆ ಹೋದೆ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಷ್ಟಕ್ಕ ಬಿಟ್ಟುಬಿಡ್ತಾರೇನ ಹುಚ್ಚಿ? ನಾಚಿಕೊಂಡು ಸಾಕಂತಾರ. ಅರ್ಧಾ ರೊಟ್ಟಿ ಹಾಕ್ತೀನ್ರೀ, ಕಡಬು ಭಾಳ ಮೆತ್ತಗ ಆಗ್ಯಾವ್ರೀ ಅನ್ನಬೇಕು. ಎರಡನೇ ಸಲ ಸಾಕಂದ್ರ ಆಗ ಬಿಡು."

ಕರೆಯುವುದಕ್ಕೂ ಪಾಠ. ಬಾಗಿಲಲ್ಲಿ ನಿಂತು ಕೂಗಿ ಓಡಿಬರುವಂತಿಲ್ಲ. ಒಳಗೆ ಹೋಗಬೇಕು, ಕೂಡು ಎಂದರೆ ಕೂಡಬೇಕು, ಆಮೇಲೆ ಹೇಳಬೇಕು: 'ನಮ್ಮ ಅವ್ವ ಅಪ್ಪ ಹೇಳಿ ಕಳಿಸ್ಯಾರ್ರೀ. ಅಮಾಸಿ ದಿನ ಕಮಲಾಪುರದ ಹೊಲಕ್ಕ ಊಟಕ್ಕ ಎಲ್ಲಾರೂ ಬರಬೇಕ್ರಿ. ಮುಂಜಾನಿ ಎಂಟಕ್ಕ ನಮ್ಮ ಮನೀ ಮುಂದ ಟೆಂಪೋ ಬರ್ತದ್ರೀ.' ನಾನು ಅದನ್ನು ಪಾಠದ ಪದ್ಯದ ಹಾಗೆ ಬಾಯಿಪಾಠ ಮಾಡಿದೆ.

ಅಪ್ಪ ನೋಟುಬುಕ್ಕಿನ ಹಾಳೆಯಲ್ಲಿ ಏಳು ಮನೆ ಬರೆದುಕೊಟ್ಟ. ಹೇಳಿಯಾದ ಮನೆಯ ಮುಂದೆ ಗುರುತು ಹಾಕಬೇಕು. ಹಬ್ಬಕ್ಕೆ ಎರಡು ದಿನ ಇದ್ದಾಗ, ಶಾಲೆ ಬಿಟ್ಟ ಮೇಲೆ, ನಾನೂ ತಮ್ಮನೂ ಹೊರಟೆವು. ಮೊದಲು ದೂರದ ಮನೆ: ಜಗತ್ ವೃತ್ತದ ಹತ್ತಿರದ ಗಲ್ಲಿಯಲ್ಲಿ ನಮ್ಮ ಶಾಲೆಯ ಬಟ್ಟೆ ಹೊಲಿಯುತ್ತಿದ್ದ ಟೇಲರ್ ಚಾಚಾ. ನಾನು ಬಾಯಿಪಾಠ ಒಪ್ಪಿಸಿ ಮುಗಿಸುವತನಕ ಅವರು ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿಯೇ ಇದ್ದರು. "ಬರ್ತೀವಿ ಬೇಟಾ, ಜರೂರ್ ಬರ್ತೀವಿ. ಅಮ್ಮಾಕು ಸಲಾಂ ಬೋಲೋ," ಎಂದರು. ದೊಡ್ಡವರೊಬ್ಬರು ನನ್ನ ಮಾತಿಗೆ ಕೆಲಸ ನಿಲ್ಲಿಸಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಎದೆ ಸೆಟೆಸಿ ನಡೆದೆ.

ಆರು ಮನೆ ಮುಗಿಸಿ ಓಣಿಗೆ ಬರುವ ಹೊತ್ತಿಗೆ ಸೂರ್ಯ ಇಳಿದಿದ್ದ. ಪ್ರತಿ ಮನೆಯಲ್ಲೂ ಕೂಡಿಸಿ ಅವಲಕ್ಕಿಯನ್ನೋ ಚಹಾವನ್ನೋ ಕೊಟ್ಟಿದ್ದರು. ಉಳಿದದ್ದು ಎದುರುಮನೆ ಒಂದೇ. ಅಲ್ಲಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಅವರ ಹೆಂಡತಿ, ತಾಯಿ. ತಾಯಿಯನ್ನು ನಾವು ಅಜ್ಜಿ ಎನ್ನುತ್ತಿದ್ದೆವು. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ. ಅಜ್ಜಿಯ ಮಡಿ ಬಲು ಕಟ್ಟುನಿಟ್ಟು. ಬೇರೆಯವರ ಮನೆಯಲ್ಲಿ ಉಣ್ಣುವುದಿರಲಿ, ನೀರು ಸಹ ಮುಟ್ಟುತ್ತಿರಲಿಲ್ಲ. ಅವ್ವ ಪ್ರತಿ ವರ್ಷ ಹೋಗಿ ಹೊಲಕ್ಕೆ ಕರೆಯುವಳು. ಅಜ್ಜಿ ಪ್ರತಿ ವರ್ಷ, "ಕರದ್ಯಲ್ಲವಾ, ಅಷ್ಟ ಸಾಕು. ನನಗ ಬರ್ಲಿಕ್ಕೆ ಆಗೂದಿಲ್ಲ," ಎನ್ನುವರು. ನಾನು ಅವ್ವನ ಸೆರಗು ಹಿಡಿದು ಎಷ್ಟೋ ಸಲ ಇದನ್ನು ಕೇಳಿದ್ದೆ.

ಓಣಿಯಲ್ಲಿ ನನ್ನ ಗೆಳತಿಯರು ಕುಂಟಬಿಲ್ಲೆಗೆ ಮನೆ ಕೊರೆದು ನನ್ನ ದಾರಿ ಕಾಯುತ್ತಿದ್ದರು. ಹೇಗೂ ಬರದವರ ಮನೆಗೆ ಹೋಗಿ ಕೂಡುವುದು ಯಾಕೆ ಎನ್ನಿಸಿತು. ತಮ್ಮನ ಕೈಗೆ ಚೀಲ ಕೊಟ್ಟು ಮನೆಗೆ ಕಳಿಸಿದೆ. ಗೋಡೆಗೆ ಹಾಳೆ ಒತ್ತಿ ಹಿಡಿದು ಏಳನೆಯ ಗುರುತೂ ಹಾಕಿ ಆಟಕ್ಕೆ ಹೋದೆ.

ರಾತ್ರಿ ಊಟದ ಹೊತ್ತಿಗೆ ಅವ್ವ ಹಾಳೆ ನೋಡಿದಳು. "ಅಜ್ಜಿ ಏನಂದ್ರು?"

"ಬರೋದಿಲ್ಲ ಅಂದ್ರು," ಎಂದೆ. ಅದು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ನಾನು ಸುಳ್ಳು ಹೇಳಿದೆ ಎಂದೇ ನನಗೆ ಅನ್ನಿಸಲಿಲ್ಲ.

ಮರುದಿನವೆಲ್ಲ ಮನೆ ತುಂಬ ಹಬ್ಬ. ದೊಡ್ಡವ್ವ ಕಮಲಾಪುರದಿಂದ ಹಸಿ ತೊಗರಿಕಾಯಿ, ಅವರೆ, ಕಡಲೆಸೊಪ್ಪು, ಮೆಂತ್ಯೆ ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ಆ ಎಲ್ಲ ಕಾಳು, ಎಲ್ಲ ಸೊಪ್ಪು ಕೂಡಿಸಿ, ಹುಣಸೆಹುಳಿ ಹಿಂಡಿ ಕಡಲೆಹಿಟ್ಟು ಕದಡಿ ಕುದಿಸಿದರೆ ಅದೇ ಭಜ್ಜಿ. ಎಳ್ಳಮಾವಾಸ್ಯೆಯ ಊಟ ಎಂದರೆ ಭಜ್ಜಿಯೇ. ನಾನೂ ತಮ್ಮನೂ ಉಗುರು ಹಸಿರಾಗುವಷ್ಟು ಕಾಳು ಸುಲಿದೆವು. ಓಣಿಯ ಹೆಂಗಸರು ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿದು ಬಡಿದು ಬುಟ್ಟಿಗೆ ಪೇರಿಸಿದರು. ಅವ್ವ ಒಂದು ಮೂಲೆಯಲ್ಲಿ ಕೂತು ಎಡಗೈಯಿಂದ ಉಪ್ಪು ಖಾರ ತೋರಿಸುತ್ತಿದ್ದಳು.

ಹಬ್ಬದ ಮುಂಜಾನೆ ಎಂಟಕ್ಕೆ ಟೆಂಪೋ ಬಂತು. ಹಂಡೆ, ಬುಟ್ಟಿ, ಚಾಪೆ, ನೀರಿನ ಕೊಡ ಏರಿಸಿದ ಮೇಲೆ ಜನ ಹತ್ತಿದರು. ನಾನು ಕೊನೆಗೆ ಹತ್ತಿ ಹಿಂದಿನ ತುದಿಯಲ್ಲಿ ಕೂತೆ. ಆಗ ಎದುರುಮನೆಯ ಕಟ್ಟೆ ಕಂಡಿತು.

ಕಟ್ಟೆಯ ಮೇಲೆ ಇಬ್ಬರು ಮಕ್ಕಳು ಕೂತಿದ್ದರು. ಅಜ್ಜಿಯ ಮಗಳ ಮಕ್ಕಳು. ಸೋಲಾಪುರದಿಂದ ರಜೆಗೆ ಬಂದಿದ್ದರು. ಹುಡುಗಿಗೆ ಎರಡು ಜಡೆ, ಹೊಸ ಲಂಗ. ಹುಡುಗನ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಅವರ ನಡುವೆ ಬಿಳಿ ಬಟ್ಟೆಯ ಒಂದು ಗಂಟು. ಬಾಗಿಲಲ್ಲಿ ಅಜ್ಜಿ ಒಗೆದ ಸೀರೆಯುಟ್ಟು, ಶಾಲು ಹೊದ್ದು ನಿಂತಿದ್ದರು. ಟೆಂಪೋ ಗುರುಗುಟ್ಟಿತು. ಅಜ್ಜಿ ಒಂದು ಸಲ ನಮ್ಮ ಕಡೆ ನೋಡಿದರು, ಬಾಗಿ ಆ ಗಂಟನ್ನು ಎತ್ತಿಕೊಂಡು ಒಳಗೆ ಹೋದರು. "ಆಜೀ, ಗಾಡಿ ಗೇಲೀ," ಎಂದು ಹುಡುಗ ಕೂಗಿದ್ದು ನನಗೆ ಕೇಳಿಸಿತು. ಅಜ್ಜಿ, ಗಾಡಿ ಹೋಯಿತು. ಅಷ್ಟು ಮರಾಠಿ ನನಗೂ ಬರುತ್ತಿತ್ತು.

ಅವ್ವ ಮುಂದೆ ಕೂತಿದ್ದಳು. "ಮಮ್ಮಕ್ಕಳನ್ನ ಕರಕೊಂಡು ಗುಡಿಗೆ ಹೊಂಟಾರಂತ ಕಾಣ್ತದ," ಎಂದು ಪಕ್ಕದವರಿಗೆ ಹೇಳುತ್ತಿದ್ದಳು.

ಊರು ದಾಟಿ ಹುಮನಾಬಾದ್ ರಸ್ತೆ ಹಿಡಿದ ಮೇಲೆ ಟೆಂಪೋದಲ್ಲಿ ಎಲ್ಲರೂ ಹಾಡತೊಡಗಿದರು. ನಾನು ಹಿಂದೆ ಸರಿಯುತ್ತಿದ್ದ ರಸ್ತೆಯನ್ನೇ ನೋಡುತ್ತ ಕೂತೆ. ಅಜ್ಜಿ ಗುಡಿಗೇ ಹೊರಟಿರಬಹುದು ಎಂದುಕೊಂಡೆ. ಹಾಗಿದ್ದರೆ ಗಾಡಿ ಹೋಯಿತೆಂದು ಆ ಹುಡುಗ ಯಾಕೆ ಕೂಗಬೇಕು? ಅಜ್ಜಿ ಎರಡು ದಿನ ಬಾಗಿಲ ಕಡೆ ನೋಡುತ್ತ ಕಾದಿರಬೇಕು. ಕಮಲಾಪುರ ಬರುವತನಕ ನನ್ನ ತಲೆಯಲ್ಲಿ ಇದೇ ತಿರುಗಿತು.

ಹೊಲ ಮುಟ್ಟಿದಾಗ ಜೋಳ ನನ್ನ ತಲೆಗಿಂತ ಎತ್ತರ ನಿಂತಿತ್ತು. ದೊಡ್ಡಪ್ಪ ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆಗೆ ಕೂಡಿಸಿದ್ದ. ತಮ್ಮ ಇಳಿದವನೇ ತಂಬಿಗೆ ಹುಡುಕಿಕೊಂಡು ಓಡಿದ. ಅವ್ವ ನೆರಳಲ್ಲಿ ಚಾಪೆಯ ಮೇಲೆ ಕೂತು, ಎಲ್ಲಿ ಏನಿಡಬೇಕೆಂದು ಹೇಳುತ್ತಿದ್ದಳು. ನಾನು ಹೋಗಿ ಅವಳ ಪಕ್ಕ ಕೂತೆ.

"ಅವ್ವಾ, ನಾ ಅಜ್ಜಿ ಮನೀಗೆ ಹೋಗೇ ಇಲ್ಲ."

ಅವಳಿಗೆ ಮೊದಲು ತಿಳಿಯಲಿಲ್ಲ. "ಯಾವಾಗ?"

"ಕರಿಯಾಕ. ಗುರುತು ಸುಮ್ನ ಹಾಕಿದ್ದೆ. ಅವ್ರು ಹೆಂಗೂ ಬರೋದಿಲ್ಲಂತ ಹೋಗಲಿಲ್ಲ." ಮಾತು ಮುಗಿಯುವ ಮೊದಲೇ ಅಳು ಬಂತು. "ಅವ್ರು ಇವತ್ತ ಬರಾಕ ತಯಾರಾಗಿದ್ರು. ನಾ ನೋಡೀನಿ."

ಅವ್ವ ಹೊಡೆದಿದ್ದರೆ ಚಲೋ ಇತ್ತು. ಹೊಡೆಯಲಿಲ್ಲ. "ಈಗ ಏನ್ ಮಾಡ್ತಿ?" ಎಂದಳು.

"ನೀ ಹೇಳು."

"ನನ್ನ ಕೇಳಬ್ಯಾಡ. ಕರಿಯಾಕ ಹೊಂಟಾಕಿ ನೀನು. ನೀನ ಹೇಳು."

ನಾನು ಕಣ್ಣು ಒರೆಸಿಕೊಂಡೆ. "ಹೋಗಿ ಕರಕೊಂಡು ಬರ್ತೀನಿ."

"ಬಂದೇ ಬರ್ತಾರಂತ ತಿಳೀಬ್ಯಾಡ. ಬರದಿದ್ರೂ ಕರದು ಬರಬೇಕು," ಎಂದಳು ಅವ್ವ. ಆಮೇಲೆ ಅಪ್ಪನನ್ನು ಕೂಗಿದಳು.

ಅಪ್ಪನೂ ನಾನೂ ಕಾಲುದಾರಿ ಹಿಡಿದು ರಸ್ತೆಗೆ ಬಂದು ಕಲಬುರಗಿಯ ಬಸ್ಸು ಹತ್ತಿದೆವು. ಹಬ್ಬದ ದಿನ, ಬಸ್ಸು ಹೆಚ್ಚುಕಡಿಮೆ ಖಾಲಿ. ಕಿಟಕಿಯ ಹೊರಗೆ ಎಲ್ಲ ಹೊಲಗಳಲ್ಲೂ ಜನ, ಬಣ್ಣಬಣ್ಣದ ಸೀರೆ. ಅಪ್ಪ ಬೈಯಲಿಲ್ಲ. ಊರು ಹತ್ತಿರ ಬಂದಾಗ ಒಂದೇ ಮಾತು ಹೇಳಿದ: "ನಿಮ್ಮವ್ವ ತನಗ ಹೋಗಾಕ ಆಗಲಿಲ್ಲಂತ ನಿನ್ನ ಕಳಿಸಿದ್ಲು. ನೀ ಹೋಗಲಿಲ್ಲಂದ್ರ ನಿಮ್ಮವ್ವ ಹೋಗಲಿಲ್ಲಂತ ಆತು ನೋಡು."

ಎದುರುಮನೆಯ ಬಾಗಿಲು ತೆರೆದೇ ಇತ್ತು. ಅಜ್ಜಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮಕ್ಕಳಿಬ್ಬರೂ ಹೊಸ ಬಟ್ಟೆ ಬಿಚ್ಚಿ ಮನೆಯ ಬಟ್ಟೆ ಹಾಕಿಕೊಂಡು ಗೋಲಿ ಆಡುತ್ತಿದ್ದರು. ಆ ಹುಡುಗಿಯ ಎರಡು ಜಡೆ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ನನಗೆ ಬಾಯಿಪಾಠವೆಲ್ಲ ಮರೆತುಹೋಯಿತು.

"ಏನವಾ, ಹೊಲಕ್ಕ ಹೋದವ್ರು ತಿರುಗಿ ಬಂದ್ರೇನು?" ಎಂದರು ಅಜ್ಜಿ.

"ಹೋಗಿದ್ದೆವ್ರೀ. ಮತ್ತ ಬಂದೀವಿ. ನಿಮಗ ಹೇಳಿ ಬಾ ಅಂತ ಅವ್ವ ಮೊನ್ನೆ ಕಳಿಸಿದ್ಲು. ನಾ ಬರಲಿಲ್ರೀ. ಆಡಾಕ ಹೋದೆ. ಅವ್ವಗ ಸುಳ್ಳು ಹೇಳಿದೆ."

ಅಜ್ಜಿ ಮೊರ ಕೆಳಗಿಟ್ಟರು. "ಯಾಕ ಬರ್ಲಿಲ್ಲ?"

"ನೀವು ಹೆಂಗೂ ಬರೋದಿಲ್ಲಂತ."

ಅಪ್ಪ ಮುಂದೆ ಬಂದು ಕೈ ಮುಗಿದು ಏನೋ ಹೇಳಹೊರಟ. ಅಜ್ಜಿ ಅವನನ್ನು ಕೈಸನ್ನೆಯಿಂದ ನಿಲ್ಲಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದರು.

"ಖರೇ ಅದ. ಇಷ್ಟ ವರ್ಷ ನಾನೂ ಒಲ್ಲೆ ಒಲ್ಲೆ ಅಂತಲೇ ಹೇಳೀನಿ," ಎಂದರು. "ಆದ್ರ ನಿಮ್ಮವ್ವ ಬಂದು ಕರೀತಿದ್ಲಲ್ಲ, ಆ ಹಬ್ಬದಾಗ ನಾನೂ ಇದ್ದೀನಿ ಅನಸ್ತಿತ್ತು. ಮುಂಜಾನೆ ಅನಿಸ್ತು ನನಗ, ಆಕೀನೂ ನನ್ನ ಬಿಟ್ಲು ಅಂತ."

ಒಳಗಿನಿಂದ ಸೊಸೆ ಬಂದು ಬಾಗಿಲಿಗೆ ಒರಗಿದರು. ಈ ಮಕ್ಕಳು ಬೆಳೆದು ನಿಂತ ಹೊಲವನ್ನು ಹತ್ತಿರದಿಂದ ನೋಡಿಯೇ ಇಲ್ಲ, ಅದಕ್ಕೇ ಈ ವರ್ಷ ಹೋಗಬೇಕೆಂದು ಅತ್ತೆ ತಾವೇ ಅಂದಿದ್ದರು, ಹಾಲಿನಲ್ಲಿ ಹಿಟ್ಟು ನಾದಿ ದಶಮಿ ಮಾಡಿ ಕಟ್ಟಿಕೊಂಡಿದ್ದರು ಎಂದು ಅವರು ಅಪ್ಪನಿಗೆ ಹೇಳಿದರು. ಹಾಲಲ್ಲಿ ನಾದಿದ ರೊಟ್ಟಿಯಾದರೆ ಮಡಿಯವರಿಗೆ ಪ್ರಯಾಣದಲ್ಲಿ ನಡೆಯುತ್ತದೆ. ಬಿಳಿ ಬಟ್ಟೆಯ ಗಂಟಿನಲ್ಲಿದ್ದದ್ದು ಅದು.

"ಹೂಂ, ಈಗ ಕರೀ ನೋಡೋಣ," ಎಂದರು ಅಜ್ಜಿ.

ನಾನು ಕೈ ಮುಗಿದೆ. "ನಮ್ಮ ಅವ್ವ ಅಪ್ಪ ಹೇಳಿ ಕಳಿಸ್ಯಾರ್ರೀ. ಕಮಲಾಪುರದ ಹೊಲಕ್ಕ ಊಟಕ್ಕ ಎಲ್ಲಾರೂ ಬರಬೇಕ್ರಿ." ಟೆಂಪೋದ ಮಾತು ಬಂದಾಗ ನಿಂತೆ. "ಟೆಂಪೋ ಇಲ್ರೀ. ಬಸ್ಸಿಗೆ ಹೋಗಬೇಕ್ರಿ."

ಅಜ್ಜಿಗೆ ನಗು ಬಂತು. ಮಕ್ಕಳಿಗೆ ಮರಾಠಿಯಲ್ಲಿ ಏನೋ ಹೇಳಿದರು. ಗೋಲಿಗಳು ಅಲ್ಲಲ್ಲೇ ಬಿದ್ದವು. ಇಬ್ಬರೂ ಹೊಸ ಬಟ್ಟೆಗಾಗಿ ಒಳಗೆ ಓಡಿದರು.

ಸೊಸೆ ಮನೆಯಲ್ಲೇ ಉಳಿದರು. ನಾವು ಐದು ಜನ ಮತ್ತೆ ಕಮಲಾಪುರದಲ್ಲಿ ಇಳಿದಾಗ ಹೊತ್ತು ನೆತ್ತಿ ದಾಟಿತ್ತು. ಜೋಳದ ನಡುವಿನ ದಾರಿಯಲ್ಲಿ ಅಜ್ಜಿ ನನ್ನ ಹೆಗಲ ಮೇಲೆ ಕೈಯಿಟ್ಟು ನಿಧಾನವಾಗಿ ನಡೆದರು. ಹೊಲಕ್ಕೆ ಚರಗ, ಅಂದರೆ ಭೂಮಿಯ ಪಾಲಿನ ಎಡೆ, ಚೆಲ್ಲಿ ಆಗಿತ್ತು. ಅಲ್ಲಲ್ಲಿ ಬೆಳೆಯ ಬುಡದಲ್ಲಿ ಅನ್ನ, ಭಜ್ಜಿ ಬಿದ್ದಿತ್ತು. ಬನ್ನಿಗಿಡದ ಹತ್ತಿರ ಎರಡು ಸಾಲು ಊಟಕ್ಕೆ ಕೂತಿತ್ತು. ನಾನಿಲ್ಲದೆ ಬಡಿಸುವ ಕೆಲಸವೂ ತಮ್ಮನ ಮೇಲೆ ಬಿದ್ದಿತ್ತು. ತನಗಿಂತ ದೊಡ್ಡ ರೊಟ್ಟಿಬುಟ್ಟಿಯನ್ನು ನೆಲಕ್ಕೆ ಎಳೆದುಕೊಂಡು ಅವನು ಟೇಲರ್ ಚಾಚಾರ ಮುಂದೆ ನಿಂತು, "ಅರ್ಧಾ ಹಾಕ್ತೀನ್ರೀ," ಎಂದು ಪೂರ್ತಿ ರೊಟ್ಟಿ ಹಾಕುತ್ತಿದ್ದ.

ನಮ್ಮನ್ನು ಕಂಡದ್ದೇ ಬುಟ್ಟಿ ಬಿಟ್ಟು ಕೊಡದ ಕಡೆ ಓಡಿದ. ಅವ್ವ, "ಏಯ್, ತಡೀ" ಎನ್ನುವಷ್ಟರಲ್ಲಿ ಸ್ಟೀಲಿನ ಲೋಟದಲ್ಲಿ ನೀರು ತುಂಬಿ ತಂದು ಅಜ್ಜಿಯ ಮುಂದೆ ಹಿಡಿದ. ಯಾರೇ ಬಂದರೂ ಮೊದಲು ನೀರು. ಅವನಿಗೆ ಮಡಿಯ ಸಂಗತಿ ಯಾರೂ ಹೇಳಿರಲಿಲ್ಲ. ಸಾಲಿನಲ್ಲಿದ್ದವರ ಕೈ ತಾಟಿನಲ್ಲೇ ನಿಂತವು. ಅವ್ವ ಎದ್ದು ನಿಂತಿದ್ದಳು. ಬಿಸಿಲಿನಲ್ಲಿ ನಡೆದು ಅಜ್ಜಿಯ ಮುಖ ಕೆಂಪಾಗಿತ್ತು. ಅವರು ಲೋಟ ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಲೋಟ ತೆಗೆದುಕೊಂಡು, ತಲೆ ಮೇಲೆತ್ತಿ, ತುಟಿಗೆ ತಾಗಿಸದೆ ಎತ್ತರದಿಂದ ಹೊಯ್ದುಕೊಂಡು ಅಷ್ಟೂ ನೀರು ಕುಡಿದರು.

"ತಂಪದ," ಎಂದು ಲೋಟ ತಿರುಗಿ ಕೊಟ್ಟರು. "ಇನ್ನೊಂದು ತಾರಪ್ಪಾ."

ಅವರಿಗೆ ಏನು ಬಡಿಸುವುದು ಎಂಬುದು ನನ್ನ ಚಿಂತೆ. ಭಜ್ಜಿ ಬಡಿಸುವಂತಿಲ್ಲ, ಕಡಬು ಬಡಿಸುವಂತಿಲ್ಲ. ಕೊನೆಗೆ ಹತ್ತಿರ ಹೋಗಿ ಕೇಳಿಯೇಬಿಟ್ಟೆ: "ಅಜ್ಜಿ, ನೀವೇನ ತಿಂತೀರಿ?"

"ಹಸಿ ಕಡ್ಲಿ ಸುಟ್ಟು ಕೊಡ್ತಿಯೇನು? ಸಣ್ಣಾಕಿ ಇದ್ದಾಗ ತಿಂದದ್ದು."

ದೊಡ್ಡಪ್ಪ ಕಾಯಿ ತುಂಬಿದ ಕಡಲೆಗಿಡ ಕಿತ್ತು ತಂದ. ಒಣಕಡ್ಡಿಗೆ ಬೆಂಕಿ ಹಚ್ಚಿ ಗಿಡಗಳನ್ನು ಹಾಗೇ ಸುಟ್ಟೆವು. ಪಕ್ಕದ ತೋಟದವರು ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಟ್ಟಿದ್ದರು, ಅದನ್ನೂ ತಂದಿಟ್ಟೆ. ಅಜ್ಜಿ ಚಾಪೆಯ ತುದಿಯಲ್ಲಿ ಕೂತು, ಮಸಿ ಹತ್ತಿದ ಬೆರಳಿನಿಂದ ಕಡಲೆ ಬಿಡಿಸಿ ತಿಂದರು, ಬಾಳೆಹಣ್ಣಿನ ಜೊತೆ ದಶಮಿ ತಿಂದರು. ಉಳಿದ ದಶಮಿಯನ್ನು ಮುರಿದು ಸುತ್ತಲಿದ್ದ ಮಕ್ಕಳಿಗೆಲ್ಲ ಹಂಚಿದರು. ಸೋಲಾಪುರದ ಮಕ್ಕಳಿಗೆ ಅವರು ಯಾವ ಕಟ್ಟೂ ಹಾಕಲಿಲ್ಲ. ಅವೆರಡೂ ನಮ್ಮ ಸಾಲಿನಲ್ಲಿ ಕೂತು ಭಜ್ಜಿಯನ್ನು ಮೂರು ಸಲ ಹಾಕಿಸಿಕೊಂಡವು. ಅವ್ವ ಮತ್ತು ಅಜ್ಜಿ ಸಂಜೆಯತನಕ ಅಕ್ಕಪಕ್ಕ ಕೂತು ಮಾತಾಡಿದರು. ನನ್ನ ತಪ್ಪಿನ ಮಾತು ಅವರ ನಡುವೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.

ತಿರುಗಿ ಬರುವಾಗ ಟೆಂಪೋದಲ್ಲಿ ಅವ್ವ ಕೇಳಿದಳು, "ನೀ ಯಾವಾಗ ಉಂಡಿ?" ಆಗ ನೆನಪಾಯಿತು, ನಾನು ಉಂಡೇ ಇರಲಿಲ್ಲ. ಉಳಿದಿದ್ದ ಸಜ್ಜೆರೊಟ್ಟಿಯಲ್ಲಿ ತಣ್ಣಗಿನ ಭಜ್ಜಿ ಸುತ್ತಿ ಅಪ್ಪ ನನ್ನ ಕೈಗೆ ಕೊಟ್ಟ. ಖಾಲಿ ಹಂಡೆಗೆ ಒರಗಿ ಕೂತು ತಿಂದೆ. ಆ ರುಚಿಯ ಭಜ್ಜಿ ನನಗೆ ಮತ್ತೆ ಸಿಕ್ಕಿಲ್ಲ.

ಅಜ್ಜಿ ಮುಂದಿನ ವರ್ಷವೂ ಬಂದರು. ಅದರ ಮುಂದಿನ ವರ್ಷ ಮಗನಿಗೆ ಬೇರೆ ಊರಿಗೆ ವರ್ಗವಾಗಿ ಮನೆ ಖಾಲಿ ಮಾಡಿಕೊಂಡು ಹೋದರು. ಅವ್ವನ ಕೈ ಸರಿಹೋದರೂ ಕರೆಯುವ ಕೆಲಸ ನಮ್ಮಿಬ್ಬರಿಗೇ ಉಳಿಯಿತು.

ಮದುವೆಯಾಗಿ, ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾವು ಕೋಟನೂರಿನ ಕಡೆ ಮನೆ ಕಟ್ಟಿಕೊಂಡೆವು. ಎಳ್ಳಮಾವಾಸ್ಯೆಗೆ ಈಗಲೂ ಕಮಲಾಪುರಕ್ಕೆ ಹೋಗುತ್ತೇವೆ. ಒಂದು ವರ್ಷ, ಹತ್ತು ವರ್ಷದ ನನ್ನ ಮಗನನ್ನು ಹೊಸದಾಗಿ ಬಂದ ನೆರೆಯವರನ್ನು ಕರೆಯಲು ಕಳಿಸಿದೆ. ಫೋನಿನಲ್ಲಿ ಹೇಳಿದರಾಗದೇ ಎಂದು ಗೊಣಗುತ್ತ ಹೋದವನು ಮುಕ್ಕಾಲು ಗಂಟೆ ಬರಲೇ ಇಲ್ಲ. ಬಂದಾಗ ಮುಖ ಅರಳಿತ್ತು.

"ಅವ್ರಿಗೆ ಬರಾಕ ಆಗೋದಿಲ್ಲಂತ ಮಮ್ಮಿ, ಊರಿಗೆ ಹೊಂಟಾರ. ಆದ್ರ ಅವ್ರ ಮನ್ಯಾಗ ಗಿಳಿ ಅದ! ನಂಗ ಕೈಮ್ಯಾಲೆ ಕೂಡಿಸಿ ತೋರಿಸಿದ್ರು. ನಾಳೆ ಮತ್ತ ಬಾ ಅಂದಾರ," ಎಂದು ಒಂದೇ ಉಸಿರಿನಲ್ಲಿ ಹೇಳಿ ಚಪ್ಪಲಿ ಕಳಚಿದ.